ಹಿಂದಿನ ಸೀಟಿಲ್ಲದ ಕಾರು

ಶಿವಮೊಗ್ಗ
8 ಜುಲೈ 2024

ಶ್ರೀ ಶಿವಯೋಗಿಯವರಿಗೆ,

ನಿನ್ನೆಯ ಪತ್ರಿಕೆಯಲ್ಲಿ, ನಿವೇಶನಗಳಿಗೂ ವಧೂವರರಿಗೂ ನಡುವೆ, ನಿಮ್ಮ ಜಾಹೀರಾತು ನೋಡಿದೆ. 'ಎರಡು ಸೀಟಿನ ಸ್ಪೋರ್ಟ್ಸ್ ಕಾರು, ಕೆಂಪು, ಬಟ್ಟೆಯ ಮೇಲ್ಛಾವಣಿ ಬಿಚ್ಚಬಹುದು. ಭದ್ರಾವತಿಯಲ್ಲಿದೆ. ಪತ್ರ ಮುಖೇನ ಸಂಪರ್ಕಿಸಿ.' ಕೆಳಗೆ ಪಶ್ಚಿಮ ಬಂಗಾಳದ ದುರ್ಗಾಪುರದ ಉಕ್ಕಿನ ಕಾರ್ಖಾನೆಯ ವಿಳಾಸ. ಫೋನ್ ನಂಬರು ಅಚ್ಚಿನಲ್ಲಿ ಬಿಟ್ಟುಹೋಯಿತೇನೋ ಎಂದು ಪತ್ರಿಕೆಯವರನ್ನು ಕೇಳಿದೆ. "ಅವ್ರು ಕೊಟ್ಟಿದ್ದೇ ಅಷ್ಟು ಮೇಡಂ, ನಂಬರ್ ಹಾಕ್ಬೇಡಿ ಅಂತಾನೂ ಬರ್ದಿದಾರೆ" ಎಂದರು.

ನಾನು ಇಲ್ಲಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ವಯಸ್ಸು ಐವತ್ತು ದಾಟಿದೆ. ಕೊಳ್ಳುವ ಉದ್ದೇಶ ಗಟ್ಟಿಯಾಗಿದೆ. ಸುಮ್ಮನೆ ವಿಚಾರಿಸುವವರ ಪೈಕಿ ಅಲ್ಲ. ಬೆಲೆ ಎಷ್ಟು, ಕಾರು ಎಷ್ಟು ಓಡಿದೆ, ಎಲ್ಲಿ ನೋಡಬಹುದು ಎಂಬುದನ್ನು ತಿಳಿಸಿ. ಉತ್ತರವನ್ನು ಮನೆಗೆ ಕಳಿಸುವುದು ಬೇಡ. ಕಾಲೇಜಿನ ವಿಳಾಸ ಲಕೋಟೆಯ ಹಿಂದೆ ಇದೆ.

ಇಂತಿ,
ಶಾಮಲಾ


ದುರ್ಗಾಪುರ
29 ಜುಲೈ 2024

ಶ್ರೀಮತಿ ಶಾಮಲಾ ಅವರಿಗೆ ಶರಣು.

ನಿಮ್ಮ ಯಜಮಾನರಿಗೆ ಇಂಥ ಗಾಡಿಯ ಮೇಲೆ ಆಸಕ್ತಿ ಇರುವುದು ತಿಳಿದು ಸಂತೋಷವಾಯಿತು. ನಮ್ಮ ಕಡೆ ಈ ಅಭಿರುಚಿ ಕಡಿಮೆ. ಕಾರು ಎಂದರೆ ಎಷ್ಟು ಜನ ಹಿಡಿಸುತ್ತಾರೆ ಎಂದೇ ಎಲ್ಲರೂ ಕೇಳುತ್ತಾರೆ. ನಿಮ್ಮ ಯಜಮಾನರ ಎತ್ತರ ಎಷ್ಟು? ಇದು ನೆಲಕ್ಕೆ ಅಂಟಿಕೊಂಡು ಹೋಗುವ ಗಾಡಿ, ಸೊಂಟನೋವು ಇದ್ದವರಿಗೆ ಹಿಡಿಸದು. ಹಿಂದೆ ಯಾವ ಗಾಡಿ ಓಡಿಸಿದ್ದಾರೆ, ಯಾವ ರಸ್ತೆಗಳಲ್ಲಿ, ಎಂಬುದನ್ನು ಅವರೇ ಎರಡು ಸಾಲು ಬರೆದರೆ ಉತ್ತಮ.

ನಾನು ಭದ್ರಾವತಿಯ ಕಾರ್ಖಾನೆಯಲ್ಲಿದ್ದವನು. ವರ್ಗವಾಗಿ ಇಲ್ಲಿಗೆ ಬಂದು ಆರು ವರ್ಷವಾಯಿತು. ಕಾರು ನ್ಯೂ ಟೌನಿನಲ್ಲಿ, ನಮ್ಮ ಹಳೆಯ ಕ್ವಾರ್ಟರ್ಸಿನ ಹಿಂದಿನ ಬೀದಿಯ ಶಂಕರಮ್ಮ ಎಂಬವರ ಶೆಡ್ಡಿನಲ್ಲಿದೆ. ಈ ಪತ್ರ ತೋರಿಸಿದರೆ ಬೀಗ ತೆಗೆಯುತ್ತಾರೆ. ಎಂಜಿನ್ ಶುರು ಮಾಡುವುದು ಬೇಡ. ಸೀಟನ್ನು ಹಿಂದೆ ಮುಂದೆ ಸರಿಸುವುದು ಬೇಡ. ಬಾಗಿಲನ್ನು ಮೆಲ್ಲಗೆ ಹಾಕಬೇಕು.

ಬೆಲೆಯ ವಿಚಾರ ಆಮೇಲೆ. ಮೊದಲು ಅವರು ನೋಡಲಿ.

ಮುಂದೆಯೂ ಈ ಕಚೇರಿಯ ವಿಳಾಸಕ್ಕೇ ಬರೆಯಿರಿ. ನಮ್ಮ ಮನೆಯ ಕಡೆ ಅಂಚೆ ಸರಿಯಾಗಿ ಬರುವುದಿಲ್ಲ. ಫೋನಿನಲ್ಲಿ ಇಂಥ ವ್ಯವಹಾರ ನನಗೆ ಒಗ್ಗದು.

ಶಿವಯೋಗಿ


ಶಿವಮೊಗ್ಗ
12 ಆಗಸ್ಟ್ 2024

ಶ್ರೀ ಶಿವಯೋಗಿಯವರಿಗೆ,

ಮೊದಲು ಒಂದು ತಿದ್ದುಪಡಿ. ಕಾರು ನನಗೆ. ನನ್ನ ಎತ್ತರ ಐದಡಿ ಎರಡಂಗುಲ, ಸೊಂಟ ಸರಿಯಾಗಿದೆ. ನನ್ನ ಗಂಡ ನಿರಂಜನ ವಕೀಲರು. ಮಲವಗೊಪ್ಪದ ಹತ್ತಿರ ಮೋರಿಗೆ ಗುದ್ದಿದ ಮೇಲೆ ಅವರು ಸ್ಟೇರಿಂಗ್ ಮುಟ್ಟಿಲ್ಲ, ಅದಾಗಿ ಎಷ್ಟೋ ಕಾಲವಾಯಿತು. ಅವರಿಗೂ ಈ ಕಾರಿಗೂ ಸಂಬಂಧವಿಲ್ಲ. ಅವರಿಗೆ ಇದು ಗೊತ್ತೂ ಇಲ್ಲ.

ಶನಿವಾರ ನ್ಯೂ ಟೌನಿಗೆ ಬಸ್ಸಿನಲ್ಲಿ ಹೋದೆ. ಮನೆಯಲ್ಲಿ ಎಂಟು ಜನ ಹಿಡಿಸುವ ವ್ಯಾನ್ ಇದೆ. ಅದನ್ನು ಗೇಟಿನಿಂದ ಹೊರಗೆ ತೆಗೆದರೆ 'ಎಲ್ಲಿಗೆ' ಎಂದು ಕೇಳುವ ಮೊದಲೇ ಇಬ್ಬರು ಹತ್ತಿ ಕೂತಿರುತ್ತಾರೆ.

ಶಂಕರಮ್ಮ ಬೀಗದಕೈ ಹಿಡಿದುಕೊಂಡು ನನ್ನ ಬೆನ್ನ ಹಿಂದೆ ಬೀದಿಯುದ್ದಕ್ಕೂ ನೋಡಿದರು.

"ಯಜಮಾನ್ರು ಹಿಂದೆ ಬರ್ತಿದಾರಾ?"

"ಇಲ್ಲ, ನಾನೊಬ್ಬಳೇ."

"ಮತ್ತೆ ಕಾರ್ ನೋಡೋರು?"

"ನಾನೇ ನೋಡೋದು, ನಾನೇ ಓಡ್ಸೋದು."

"ಓಡ್ಸಿ ಕಣಮ್ಮ, ನಂಗೇನು. ನನ್ ಮಗ್ಳು ಬಸ್ ಕಂಡಕ್ಟ್ರು. ಆದ್ರೆ ಇದ್ರಲ್ಲಿ ಸಾಮಾನು ಹಿಡಿಯಲ್ಲ, ಮೊದ್ಲೇ ಹೇಳ್ತೀನಿ. ಒಂದ್ ಮೂಟೆ ಅಕ್ಕಿ ಹಾಕಿದ್ರೆ ನೀವ್ ಇಳ್ದು ನಡ್ಕೊಂಡ್ ಬರ್ಬೇಕು."

ಕಾರಿನ ಮೇಲೆ ಹಳೆಯ ಸೀರೆಗಳನ್ನು ಹೊದೆಸಿದ್ದಾರೆ. ಸೀರೆಗಳ ಮೇಲೆ ಮೊರ, ಜರಡಿ, ಯಾರದೋ ಮದುವೆಯ ತಟ್ಟೆಗಳು. ಎಲ್ಲವನ್ನೂ ಇಳಿಸಿ ನೋಡಿದೆ. ಬಣ್ಣ ಮಾಸಿದೆ, ಆದರೆ ಎಲ್ಲೂ ಎದ್ದಿಲ್ಲ. ಟೈರುಗಳು ಕೂತಿವೆ. ಬಾಗಿಲು ತೆಗೆದು ಒಳಗೆ ಕೂತೆ. ಅಭ್ಯಾಸದಂತೆ ಕತ್ತು ಹೊರಳಿಸಿ ಹಿಂದೆ ನೋಡಿದೆ. ಬೆನ್ನಿಗೆ ತಗಡು, ತಗಡಿನ ಆಚೆ ಶೆಡ್ಡಿನ ಗೋಡೆ. ಯಾರೂ ಇರಲಿಲ್ಲ. ಇರುವುದಕ್ಕೆ ಜಾಗವೂ ಇರಲಿಲ್ಲ. ಶಂಕರಮ್ಮ "ಕಾಫಿ ಆರ್ತಾ ಇದೆ" ಎಂದು ಕರೆಯುವವರೆಗೂ ಕೂತಿದ್ದೆ.

ಕಾಲು ಕ್ಲಚ್ಚಿಗೆ ಎಟುಕದ ಕಾರಣ ಸೀಟನ್ನು ಸ್ವಲ್ಪ ಮುಂದಕ್ಕೆ ಸರಿಸಬೇಕಾಯಿತು. ಮತ್ತೆ ಮೊದಲಿದ್ದಲ್ಲಿಗೇ ಹಾಕಿದ್ದೇನೆ.

ಕೊಳ್ಳುವವರು ಇಷ್ಟವಾಯಿತೆಂದು ತೋರಿಸಿಕೊಳ್ಳಬಾರದಂತೆ, ಬೆಲೆ ಏರುತ್ತದಂತೆ. ಏರಲಿ. ನನಗೆ ಈ ಕಾರು ಬೇಕು. ಬೆಲೆ ಹೇಳಿ.

ಶಾಮಲಾ


ದುರ್ಗಾಪುರ
2 ಸೆಪ್ಟೆಂಬರ್ 2024

ಶ್ರೀಮತಿ ಶಾಮಲಾ ಅವರಿಗೆ ಶರಣು.

ನಿಮ್ಮ ಪತ್ರವನ್ನು ಓದುವಾಗ ಶೆಡ್ಡಿನ ವಾಸನೆ ಮೂಗಿಗೆ ಬಂದಂತಾಯಿತು. ಒಳಗೆ ಕೂತಾಗ ನಿಮಗೂ ಒಂದು ವಾಸನೆ ಬಂದಿರಬೇಕು, ರೆಕ್ಸಿನ್ ಮತ್ತು ಪೆಟ್ರೋಲು ಸೇರಿದ್ದು. ಇನ್ನೂ ಇದೆಯೇ? ಸೀರೆಗಳ ಮೇಲೆ ತಟ್ಟೆ ಇಡಬಾರದೆಂದು ಶಂಕರಮ್ಮನವರಿಗೆ ಹೇಳಿ. ಹಿಂದಿನ ಎಡ ಟೈರು ಬಲದ್ದಕ್ಕಿಂತ ಹೆಚ್ಚು ಕೂತಿದೆಯೇ? ಮುಂದಿನ ಸಲ ಹೋದಾಗ ಗಮನಿಸಿ ಬರೆಯಿರಿ.

ಸೀಟು ಸರಿಸಿದ್ದನ್ನು ತಿಳಿಸಿದಿರಿ, ಒಳ್ಳೆಯದು. ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಕಂಡುಕೊಳ್ಳಲು ನನಗೆ ಒಂದು ವರ್ಷ ಹಿಡಿದಿತ್ತು.

ಹೆಂಗಸರು ಓಡಿಸುವುದಕ್ಕೆ ನನ್ನ ಆಕ್ಷೇಪವೇನಿಲ್ಲ. ಆದರೆ ಇದರ ಕ್ಲಚ್ ಗಟ್ಟಿ. ಸಂಜೆ ಪಾಳಿ ಇಲ್ಲದ ದಿನ ನಾನೂ ನನ್ನ ಮನೆಯವರೂ ತರೀಕೆರೆ ರಸ್ತೆಯಲ್ಲಿ ಹೋಗುತ್ತಿದ್ದೆವು. ಆಕೆ ಎಡಗಡೆ ಕೂತು ದಾರಿಯುದ್ದಕ್ಕೂ ಒಂದು ಮಾತೂ ಆಡುತ್ತಿರಲಿಲ್ಲ. ಅಷ್ಟು ಖುಷಿ. ಕಾರಿನ ಸುಖ ಪೂರ್ತಿ ತಿಳಿಯುವುದು ಎಡಗಡೆ ಕೂತವರಿಗೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನೀವು ಬೇಸರಪಡದಿದ್ದರೆ ಕೇಳುತ್ತೇನೆ. ಈ ವಯಸ್ಸಿನಲ್ಲಿ, ಮನೆಯಲ್ಲಿ ವ್ಯಾನ್ ಇದ್ದೂ, ನಿಮಗೆ ಇದು ಯಾಕೆ ಬೇಕು? ಅದು ತಿಳಿದರೆ ಬೆಲೆ ನಿರ್ಧರಿಸುವುದು ಸುಲಭ.

ಶಿವಯೋಗಿ


ಶಿವಮೊಗ್ಗ
11 ಸೆಪ್ಟೆಂಬರ್ 2024

ಶ್ರೀ ಶಿವಯೋಗಿಯವರಿಗೆ,

ಎಡ ಟೈರು ಹೆಚ್ಚು ಕೂತಿದೆ. ವಾಸನೆ ಇದೆ, ಜೊತೆಗೆ ಇಲಿಯದೂ ಇದೆ. ತಟ್ಟೆಗಳನ್ನು ಶಂಕರಮ್ಮ ಕೆಳಗಿಟ್ಟರು. ಮರುದಿನ ಮತ್ತೆ ಮೇಲಿಟ್ಟಿರಬಹುದು, ಅದನ್ನು ನಾನು ಕಾಯಲಾರೆ.

ಭದ್ರಾವತಿಯ ಮೆಕ್ಯಾನಿಕ್ ನಾಗೇಶನನ್ನು ಕರೆದುಕೊಂಡು ಹೋಗಿದ್ದೆ. ಅವನು ಕೆಳಗೆ ಮಲಗಿ ನೋಡಿ, ಎದ್ದು ಮಂಡಿ ಒರೆಸಿಕೊಂಡು, "ಓಡುತ್ತೆ ಮೇಡಂ. ಟ್ಯಾಂಕ್ ತೊಳೀಬೇಕು, ಬ್ಯಾಟ್ರಿ ಟೈರು ಹೊಸಾದು ಹಾಕ್ಬೇಕು. ಆದ್ರೆ ಸಾರು ಒಪ್ಪಿದಾರಾ?" ಎಂದ. ಯಾವ ಸಾರು ಎಂದು ಕೇಳಿದೆ. "ನಿಮ್ ಸಾರು" ಎಂದ. ಅವನ ನಂತರ ಆಟೋದವನು ಕೇಳಿದ. ನ್ಯೂ ಟೌನಿನಲ್ಲಿ ಆ ಪ್ರಶ್ನೆಗೆ ಪಾಳಿ ಇದ್ದಂತಿದೆ.

ಯಾಕೆ ಬೇಕು ಎಂಬುದು ಕಾರಿನ ಬಿಡಿಭಾಗವಲ್ಲ. ಅದಕ್ಕೂ ಬೆಲೆಗೂ ಏನು ಸಂಬಂಧವೆಂದು ತಿಳಿಯಲಿಲ್ಲ. ಪಾತ್ರೆ ಅಂಗಡಿಯಲ್ಲಿ ಯಾರೂ ಇದರಲ್ಲಿ ಏನು ಬೇಯಿಸುತ್ತೀರಿ ಎಂದು ಕೇಳಿ ದರ ಹೇಳುವುದಿಲ್ಲ.

ಮೂರನೆಯ ಸಲ ಕೇಳುತ್ತಿದ್ದೇನೆ. ಬೆಲೆ?

ಶಾಮಲಾ


ದುರ್ಗಾಪುರ
30 ಸೆಪ್ಟೆಂಬರ್ 2024

ಶ್ರೀಮತಿ ಶಾಮಲಾ ಅವರಿಗೆ ಶರಣು.

ನಿಮ್ಮ ಮಾತು ಖಾರವಾಗಿತ್ತು, ಆದರೆ ನ್ಯಾಯವಾಗಿತ್ತು. ನಾಗೇಶನ ತಂದೆಯನ್ನು ನಾನು ಬಲ್ಲೆ. ಓಡುತ್ತದೆ ಎಂದು ಅವನು ಹೇಳಿದ್ದನ್ನು ಓದಿ ಸಮಾಧಾನವಾಯಿತು.

ಈಗ ಒಂದು ಕೋರಿಕೆ. ಪ್ರತಿ ವರ್ಷ ಆಯುಧಪೂಜೆಗೆ ನಾನು ಇಲ್ಲಿಂದ ವಿಭೂತಿ ಕಳಿಸುತ್ತೇನೆ, ಶಂಕರಮ್ಮ ಕಾರಿಗೆ ಹಚ್ಚುತ್ತಾರೆ. ಅವರಿಗೆ ಈಗ ಕಣ್ಣಿನ ಪೊರೆ ತೆಗೆಸಿದ್ದಾರಂತೆ, ಧೂಳಿಗೆ ಹೋಗಬಾರದಂತೆ. ನೀವು ಹತ್ತಿರದಲ್ಲೇ ಇದ್ದೀರಿ, ಕಾರಿನ ಮೇಲೆ ನಿಮಗೆ ಅಕ್ಕರೆಯೂ ಇದೆ. ಈ ಸಲದ ಪೂಜೆ ನೀವೇ ಮಾಡಿಬಿಡಿ. ವಿಭೂತಿಯನ್ನು ಇದರೊಂದಿಗೆ ಇಟ್ಟಿದ್ದೇನೆ.

ದಸರಾ ಮುಗಿಯಲಿ, ಬೆಲೆಯ ಮಾತು ಆಡೋಣ.

ಶಿವಯೋಗಿ


ಶಿವಮೊಗ್ಗ
14 ಅಕ್ಟೋಬರ್ 2024

ಶ್ರೀ ಶಿವಯೋಗಿಯವರಿಗೆ,

ನಿಮ್ಮ ಪತ್ರ ಓದಿ ಎಷ್ಟು ಹಗುರಾಯಿತೆಂದು ಹೇಳಲು ಬರುವುದಿಲ್ಲ. ಬೆಲೆ ಹೇಳದಿದ್ದರೂ ಹೇಳಬೇಕಾದ್ದನ್ನು ಹೇಳಿದಿರಿ. ನಮ್ಮ ಕಡೆ ಗಾಡಿಗೆ ಪೂಜೆ ಮಾಡಿಸುವವರೇ ಗಾಡಿಯವರು. ಕೊಡುವವರು ತಾವಾಗಿ 'ಪೂಜೆ ನೀವೇ ಮಾಡಿ' ಎಂದ ಮೇಲೆ ಉಳಿಯುವುದು ಬ್ಯಾಂಕಿನ ಕೆಲಸ ಅಷ್ಟೇ.

ಶುಕ್ರವಾರ ಬೆಳಿಗ್ಗೆ ಸೇವಂತಿಗೆ ಹಾರ, ಬೂದುಗುಂಬಳ, ನಿಂಬೆಹಣ್ಣು ಹಿಡಿದುಕೊಂಡು ಮತ್ತೆ ಬಸ್ಸಿನಲ್ಲೇ ಹೋದೆ. ನಾಗೇಶ ಹಿಂದಿನ ದಿನವೇ ಕಾರು ತೊಳೆದು ಟೈರಿಗೆ ಗಾಳಿ ಹಾಕಿದ್ದ. ಕಪ್ಪು ಕನ್ನಡಕ ಹಾಕಿಕೊಂಡು ಶಂಕರಮ್ಮ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದರು. ಆ ಬೀದಿಯ ಗ್ಯಾರೇಜುಗಳಿಗೆಲ್ಲ ಪೂಜೆ ಮಾಡಿಸುವ ನರಸಿಂಹಮೂರ್ತಿ ಎಂಬ ಪುರೋಹಿತರನ್ನು ಅವರೇ ಕೂಗಿ ಕರೆದರು.

"ಗಾಡಿ ಯಾರ ಹೆಸರಲ್ಲಿ?" ಎಂದು ಪುರೋಹಿತರು ಕೇಳಿದರು.

"ಶಾಮಲಾ ಅಂತ ಹೇಳಿ."

"ಯಜಮಾನರ ಹೆಸರು, ಗೋತ್ರ ಹೇಳ್ಬಿಡಿ ತಾಯಿ. ಅದರ ಜೊತೆಗೆ ನಿಮ್ದೂ ಬರುತ್ತೆ."

"ಇದಕ್ಕೆ ನನ್ನದೊಂದೇ ಸಾಕು."

ಅವರು ಕೈಯಲ್ಲಿ ಅಕ್ಷತೆ ಹಿಡಿದು ಯೋಚಿಸುತ್ತ ನಿಂತರು. ಶಂಕರಮ್ಮ ಕುರ್ಚಿಯಿಂದಲೇ, "ಹೇಳಿ ಸ್ವಾಮಿ, ಓಡ್ಸೋರ್ ಹೆಸ್ರು ಬಿಟ್ಟು ಇನ್ಯಾರ್ದು ಹೇಳ್ತೀರಿ. ಬಿಸ್ಲೇರ್ತಾ ಇದೆ" ಎಂದರು. ಪುರೋಹಿತರು ಹೇಳಿದರು. ನನ್ನ ಹೆಸರು ಸಂಕಲ್ಪದಲ್ಲಿ ಒಂಟಿಯಾಗಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೇರೆ ಯಾರದೋ ಹೆಸರಿನಂತೆ ಕೇಳಿಸಿತು.

ನಿಮ್ಮ ವಿಭೂತಿಯನ್ನೂ ಬಾನೆಟ್ಟಿಗೆ ಹಚ್ಚಿದೆ. ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟರು. ಎಂಜಿನ್ ಶುರುವಾಗದ್ದರಿಂದ ನಾಗೇಶನೂ ಅವನ ಜೊತೆಯವರೂ ಹಿಂದಿನಿಂದ ತಳ್ಳಿದರು, ನಾನು ಸ್ಟೇರಿಂಗ್ ಹಿಡಿದಿದ್ದೆ. ಶೆಡ್ಡಿನಿಂದ ಬೀದಿಯ ತಿರುವಿನವರೆಗೆ ಕಾರು ಸದ್ದಿಲ್ಲದೆ ಹೋಯಿತು. ಕುಂಬಳಕಾಯಿ ಒಡೆದರು. ಮತ್ತೆ ತಳ್ಳಿಕೊಂಡು ಒಳಗೆ ತಂದೆವು.

ಶಿವಮೊಗ್ಗಕ್ಕೆ, ನಮ್ಮ ಹೊಸಮನೆ ಬಡಾವಣೆಗೆ ವಾಪಸು ಬಂದಾಗ ಮನೆಯ ವ್ಯಾನಿಗೆ ಪೂಜೆ ಮುಗಿದಿತ್ತು. ನಿಂಬೆಹಣ್ಣು ಚಕ್ರದ ಕೆಳಗಿಟ್ಟು ಎಲ್ಲರೂ ಅಂಗಳದಲ್ಲಿ ನಿಂತಿದ್ದರು. ಅದನ್ನು ಮುಂದಕ್ಕೆ ಬಿಡಲು ನಾನೇ ಬೇಕಿತ್ತು. "ಎಲ್ಲಿಗ್ ಹೋಗಿದ್ದೆ ಮಾರಾಯ್ತಿ, ಅಮ್ಮ ಇನ್ನೂ ತಿಂಡಿ ತಿಂದಿಲ್ಲ" ಎಂದರು ನನ್ನ ಗಂಡ. ಹೂವು ತರಲು ಎಂದೆ.

ಮುಂದಿನ ವಾರ ನಾಗೇಶ ಟ್ಯಾಂಕ್ ಇಳಿಸುತ್ತಾನೆ. ಮೊತ್ತ ತಿಳಿಸಿದ ದಿನವೇ ಕಳಿಸುತ್ತೇನೆ.

ನಿಮ್ಮ ವಿಶ್ವಾಸದ
ಶಾಮಲಾ


ದುರ್ಗಾಪುರ
28 ಅಕ್ಟೋಬರ್ 2024

ಶ್ರೀಮತಿ ಶಾಮಲಾ ಅವರಿಗೆ,

ನಾನು ಹೇಳಿದ್ದು ವಿಭೂತಿ ಹಚ್ಚುವುದಕ್ಕೆ. ಅದಕ್ಕಾಗಿಯೇ ವಿಭೂತಿ ಕಳಿಸಿದ್ದೆ. ನೀವು ಪುರೋಹಿತರನ್ನು ಕರೆಸಿದಿರಿ, ನಿಮ್ಮ ಹೆಸರು ಹೇಳಿಸಿದಿರಿ, ನಿಂಬೆಹಣ್ಣು ತುಳಿಸಿದಿರಿ, ಹತ್ತು ಜನರ ಎದುರಿಗೆ ಬೀದಿಗೆ ತಂದು ಕುಂಬಳಕಾಯಿ ಒಡೆಸಿದಿರಿ. ಇದೆಲ್ಲ ಹೊಸ ಗಾಡಿ ಮನೆಗೆ ತರುವವರು ಮಾಡುವ ಕೆಲಸ. ನಮ್ಮಲ್ಲಿ ಸಂಕಲ್ಪ ಗಿಂಕಲ್ಪ ಎಂಬುದಿಲ್ಲ, ನಾನು ಅದನ್ನು ನಂಬುವವನೂ ಅಲ್ಲ. ಆದರೂ ನಿಮ್ಮ ಪತ್ರ ಓದಿದಂದಿನಿಂದ ಆ ಕಾರನ್ನು ನೆನೆಸಿಕೊಂಡರೆ ಬೇರೆಯವರ ಕಾರನ್ನು ನೆನೆಸಿಕೊಂಡಂತಾಗುತ್ತಿದೆ. ಇದು ನನ್ನ ಎಣಿಕೆಯಲ್ಲಿ ಇರಲಿಲ್ಲ.

ನ್ಯೂ ಟೌನಿನಿಂದ ಇಬ್ಬರು ಹಳೆಯ ಸಹೋದ್ಯೋಗಿಗಳು ಫೋನ್ ಮಾಡಿ, "ಕೊನೆಗೂ ಮಾರಿದ್ರಂತಲ್ಲ" ಎಂದರು. ಇಲ್ಲ ಎನ್ನಲು ನಾನು ವರಾಂಡಕ್ಕೆ ಹೋಗಬೇಕಾಯಿತು.

ಕಾರು ಮಾರುವ ಯೋಚನೆ ಬಿಟ್ಟಿದ್ದೇನೆ. ಶೆಡ್ಡಿನ ಬೀಗ ತೆಗೆಯಬೇಡಿ ಎಂದು ಶಂಕರಮ್ಮನವರಿಗೆ ತಿಳಿಸಿದ್ದೇನೆ. ನಿಮಗೆ ಆದ ಖರ್ಚನ್ನು ಬರೆದರೆ ಕಳಿಸುತ್ತೇನೆ.

ಶಿವಯೋಗಿ


ಶಿವಮೊಗ್ಗ
6 ನವೆಂಬರ್ 2024

ಶ್ರೀ ಶಿವಯೋಗಿಯವರಿಗೆ,

ಖರ್ಚು ಬೇಡ.

ಶಂಕರಮ್ಮ ಶೆಡ್ ತೆಗೆಯಲಿಲ್ಲ. ಕಾಫಿ ಕೊಟ್ಟರು. "ಬೇಜಾರ್ ಮಾಡ್ಕೋಬೇಡಿ. ಹೋದ್ ವರ್ಷ ದಾವಣಗೆರೆಯವ್ರು ಒಬ್ರು ಬಂದಿದ್ರು, ಅದಕ್ಕೂ ಮುಂಚೆ ಕಡೂರ್ನೋರು. ಎಲ್ರೂ ಬರ್ತಾರೆ, ನೋಡ್ತಾರೆ, ಸಾಹೇಬ್ರಿಗೆ ಕಾಗ್ದ ಬರೀತಾರೆ. ಆಮೇಲೆ ಒಬ್ರೂ ಬರಲ್ಲ. ನೀವೇ ಹೆಚ್ಚು ದಿನ ಬಂದೋರು" ಎಂದರು.

ಈಗ ತಿಳಿಯಿತು. ನಿಮ್ಮದು ಮಾರಾಟದ ಜಾಹೀರಾತಲ್ಲ. ಕಾರಿನ ಯೋಗಕ್ಷೇಮ ಬರೆದು ತಿಳಿಸಲು ವರ್ಷಕ್ಕೊಬ್ಬರು ಬೇಕು ನಿಮಗೆ. ಈ ವರ್ಷ ನಾನು. ಎಡ ಟೈರು ಹೇಗಿದೆ, ವಾಸನೆ ಹೇಗಿದೆ ಎಂದು ಪ್ರಾಮಾಣಿಕವಾಗಿ ವರದಿ ಮಾಡಿದ್ದೇನೆ.

ನನ್ನ ತಪ್ಪು ನಾನು ಒಪ್ಪುತ್ತೇನೆ, ಹೇಳದ್ದನ್ನು ಹೇಳಿದಂತೆ ಓದಿಕೊಂಡೆ. ಆದರೆ ಓದುವುದಕ್ಕೆ ನೀವು ಬೇರೆ ಏನನ್ನೂ ಬರೆಯಲಿಲ್ಲ. ಇನ್ನೊಮ್ಮೆ ಯೋಚಿಸಿ ಉತ್ತರಿಸಿ. ಈ ತಿಂಗಳು ಪೂರ್ತಿ ಕಾಯುತ್ತೇನೆ.

ಶಾಮಲಾ


ಶಿವಮೊಗ್ಗ
9 ಡಿಸೆಂಬರ್ 2024

ಶ್ರೀ ಶಿವಯೋಗಿಯವರಿಗೆ,

ಇದನ್ನು ನಿಮ್ಮ ಮನೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಬೇಡವೆಂದಿದ್ದಿರಿ. ಶಂಕರಮ್ಮನ ಹತ್ತಿರ ಉಪ್ಪಿನಕಾಯಿ ಕಳಿಸುವ ವಿಳಾಸವಿತ್ತು, ಅವರಿಂದ ತೆಗೆದುಕೊಂಡೆ. ಅಂಚೆ ಸರಿಯಾಗಿ ಬಾರದ ಮನೆಗೆ ಉಪ್ಪಿನಕಾಯಿ ತಪ್ಪದೆ ತಲುಪುತ್ತದಂತೆ. ಈ ಕಾರು ಇನ್ನೂ ಇದೆ ಎಂಬುದು ನಿಮ್ಮ ಮನೆಯಲ್ಲಿ ಗೊತ್ತಿಲ್ಲ ಎಂದು ನನ್ನ ಊಹೆ. ನನ್ನ ಮನೆಯಲ್ಲೂ ಗೊತ್ತಿಲ್ಲ. ಕಚೇರಿಗೆ ಬರೆದರೆ ನೀವು ಸುಮ್ಮನಿದ್ದುಬಿಡಬಹುದು, ಇಲ್ಲಿಗೆ ಬರೆದರೆ ಹಾಗಾಗದು. ಇದು ಒಳ್ಳೆಯ ನಡತೆಯಲ್ಲ ಎಂದು ಗೊತ್ತಿದ್ದೇ ಮಾಡುತ್ತಿದ್ದೇನೆ.

ಯಾಕೆ ಬೇಕು ಎಂದು ಕೇಳಿದ್ದಿರಿ. ಹೇಳುತ್ತೇನೆ. ಬೆಲೆ ನಿರ್ಧರಿಸಲು ಅಲ್ಲ, ಬೇರೆ ದಾರಿ ಉಳಿದಿಲ್ಲವಾದ್ದರಿಂದ.

ಗಂಡ ಮೋರಿಗೆ ಗುದ್ದಿದ ಮೇಲೆ ನಮ್ಮ ಮನೆಯಲ್ಲಿ ಗಾಡಿ ಓಡಿಸುವವಳು ನಾನೊಬ್ಬಳೇ. ನಮ್ಮ ಮನೆ ಎಂದರೆ ಒಂದೇ ಬೀದಿಯ ಮೂರು ಮನೆ. ಮದುವೆ, ಆಸ್ಪತ್ರೆ, ತಿಥಿ, ಬಾಣಂತನ, ಸ್ಟೇಷನ್. ಯಾರೂ ಒತ್ತಾಯಿಸಿಲ್ಲ. ಎಲ್ಲರೂ ನನ್ನ ಡ್ರೈವಿಂಗ್ ಹೊಗಳುತ್ತಾರೆ. ಹೊಗಳುತ್ತಲೇ ಹಿಂದಿನಿಂದ ಹೇಳುತ್ತಾರೆ, "ಶಾಮಲಾ ಸ್ವಲ್ಪ ನಿಧಾನ", "ಶಾಮಲಾ ಇಲ್ಲಿ ಎಳನೀರು ಚೆನ್ನಾಗಿರುತ್ತೆ", "ಏಸಿ ಕಮ್ಮಿ ಮಾಡೇ, ಅತ್ತೆಗೆ ಕಿವಿ ನೋವು". ಅವರ ಮಾತು ನಡೆದಿರುತ್ತದೆ. ಯಾರದೋ ಮಗಳಿಗೆ ಗಂಡು, ಯಾರದೋ ಸೈಟಿನ ಜಗಳ. ನಾನು ಕನ್ನಡಿಯಲ್ಲಿ ಅವರ ಬಾಯಿಗಳನ್ನು ನೋಡುತ್ತೇನೆ. ನನ್ನ ಕುತ್ತಿಗೆಯ ಹಿಂಭಾಗ ಅವರಿಗೆ ನನ್ನ ಮುಖಕ್ಕಿಂತ ಚೆನ್ನಾಗಿ ಗೊತ್ತಿರಬೇಕು.

ಭದ್ರಾವತಿಯಲ್ಲೇ ಒಂದು ಮದುವೆ. ಎಲ್ಲರನ್ನೂ ಛತ್ರದ ಬಾಗಿಲಲ್ಲಿ ಇಳಿಸಿ, ವ್ಯಾನನ್ನು ದೂರ ನಿಲ್ಲಿಸಿ ಬರುವಷ್ಟರಲ್ಲಿ ನಮ್ಮವರ ಪಂಕ್ತಿ ಎದ್ದಿತ್ತು. ಡ್ರೈವರುಗಳ ಜೊತೆ ಕೊನೆಯ ಪಂಕ್ತಿಯಲ್ಲಿ ಕೂತೆ. ಯಾರೂ ನನ್ನನ್ನು ಮಾತಾಡಿಸಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಎಲ್ಲರೂ ಎಲೆ ನೋಡಿಕೊಂಡು ಊಟ ಮಾಡಿದೆವು. ಅಷ್ಟು ನೆಮ್ಮದಿಯ ಮದುವೆ ಊಟ ನನಗೆ ನೆನಪಿಲ್ಲ. ಹೊರಗೆ ಬಂದಾಗ ನನ್ನ ಓರಗಿತ್ತಿ ಎಲ್ಲರ ಮುಂದೆ ಕ್ಷಮೆ ಕೇಳಿದಳು, ಅವಮಾನವಾಯಿತೇನೋ ಎಂದು. ಅವಳಿಗೆ ಹೇಗೆ ಹೇಳುವುದು.

ನಾನು ರಸ್ತೆಯಲ್ಲಿ ಒಬ್ಬಳೇ ಇರುವುದೆಂದರೆ ಯಾರನ್ನಾದರೂ ಬಿಟ್ಟು ಬರುವಾಗ. ಸ್ಟೇಷನ್ನಿನಿಂದ ಮನೆಗೆ ಹತ್ತು ನಿಮಿಷ. ಬೈಪಾಸ್ ಸುತ್ತಿಕೊಂಡು ಬರುತ್ತಿದ್ದೆ. ಒಂದು ದಿನ "ರೈಲು ಸರಿಯಾದ ಟೈಮಿಗೆ ಹೊರಟಿದೆಯಲ್ಲ, ಇಷ್ಟೊತ್ತು ಯಾಕಾಯ್ತು?" ಎಂದು ಕೇಳಿದರು. ಕೋಪದಿಂದಲ್ಲ, ಕಾಳಜಿಯಿಂದ. ಅಲ್ಲಿಂದ ನೇರ ದಾರಿಯಲ್ಲೇ ಬರುತ್ತೇನೆ.

ಚಿಕ್ಕ ಕಾರು ಕೊಳ್ಳಬಹುದು. ಚಿಕ್ಕ ಕಾರಿಗೂ ಹಿಂದಿನ ಸೀಟು ಇರುತ್ತದೆ. ಇರುವ ಸೀಟಿನಲ್ಲಿ ಕೂರಬೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ನನಗೆ ಬೇಕಾದದ್ದು ಸೀಟೇ ಇಲ್ಲದ ಕಾರು. ಎಲ್ಲಿಗೂ ಹೋಗಬೇಕಾಗಿಲ್ಲದ ಒಂದು ಮಧ್ಯಾಹ್ನ ಅದನ್ನು ಹೊರಗೆ ತೆಗೆಯಬೇಕು, ಎಲ್ಲಿಗೂ ಹೋಗದೆ ವಾಪಸು ಬರಬೇಕು. ಯಾಕೆ ಎಂದರೆ ಇಷ್ಟೇ.

ನೀವು ಶೆಡ್ಡಿನಲ್ಲಿಟ್ಟು ನೆನೆಸಿಕೊಳ್ಳುತ್ತಿದ್ದೀರಿ. ನಾನು ಓಡಿಸುತ್ತೇನೆ. ಕೊಡಿ.

ಶಾಮಲಾ


ದುರ್ಗಾಪುರ
2 ಜನವರಿ 2025

ಶಾಮಲಾ ಅವರಿಗೆ,

ನಾನು ವೀಣಾ, ಶಿವಯೋಗಿಯವರ ಹೆಂಡತಿ. ಅವರ ಹೆಸರಿಗೆ ಬಂದ ಪತ್ರ ನಾನು ಒಡೆಯಬಾರದಿತ್ತು. ಶಿವಮೊಗ್ಗದ ಮುದ್ರೆ ನೋಡಿ ಯಾರಿಗೋ ಏನೋ ಆಗಿದೆ ಎಂದುಕೊಂಡು ನಿಂತಲ್ಲೇ ಹರಿದೆ.

ನಿಮ್ಮ ಊಹೆ ಅರ್ಧ ಸರಿ. ವರ್ಗವಾದಾಗ ಕಾರು ಮಾರಿದೆ ಎಂದು ಇವರು ನನಗೆ ಹೇಳಿದ್ದರು. ಮಾರಿಲ್ಲ ಎಂದು ನನಗೆ ಮೊದಲಿನಿಂದಲೂ ಗೊತ್ತು. ಉಪ್ಪಿನಕಾಯಿ ತಲುಪಿತೆಂದು ಹೇಳಲು ಫೋನ್ ಮಾಡಿದಾಗಲೆಲ್ಲ ಶಂಕರಮ್ಮ "ಕಾರು ಚೆನ್ನಾಗಿದೆ" ಎಂದು ತಾವಾಗಿಯೇ ಹೇಳುತ್ತಿದ್ದರು. ಇವರು ಹೇಳಲಿಲ್ಲ, ನಾನು ಕೇಳಲಿಲ್ಲ. ಗಂಡಸಿಗೆ ಒಂದು ಗುಟ್ಟು ಇರಲಿ ಎಂದು ಬಿಟ್ಟಿದ್ದೆ.

ಪತ್ರವನ್ನು ಊಟದ ಮೇಜಿನ ಮೇಲಿಟ್ಟೆ.

"ಏನಿದು?" ಅಂದೆ.

"ಹಳೇದು."

"ಮಾರಿದೆ ಅಂದಿದ್ರಿ."

"ಮಾರೋಕ್ ಹೊರಟಿದ್ದೆ."

"ಆರು ವರ್ಷದಿಂದ ಹೊರಡ್ತಾನೇ ಇದೀರಾ?"

ಅವರು ಮುಸುರೆ ಕೈಯಲ್ಲೇ ಎದ್ದು ಹೋಗಿ ಟಿ.ವಿ. ಹಾಕಿದರು. ಮಾರನೆಯ ದಿನ ನಿಮ್ಮ ಉಳಿದ ಪತ್ರಗಳನ್ನೂ ಕಚೇರಿಯಿಂದ ತಂದು ನನ್ನ ಕೈಗೆ ಕೊಟ್ಟರು. "ಓದು, ಆ ಹೆಂಗಸು ಹೇಗೆ ಬರೀತಾರೆ ನೋಡು" ಎಂದರು. ಓದಿದೆ. ಅವರು ನಿಮಗೆ ಏನು ಬರೆದಿರಬಹುದು ಎಂಬುದೂ ಅದರಲ್ಲೇ ತಿಳಿಯಿತು. ನಾನು ಎಡಗಡೆ ಸುಮ್ಮನೆ ಕೂತಿರುತ್ತಿದ್ದುದನ್ನು ಖುಷಿ ಎಂದು ಬರೆದಿದ್ದಾರಂತೆ, ಕೇಳಿದಾಗ ಹೇಳಿದರು. ನಾನು ಸುಮ್ಮನಿರುತ್ತಿದ್ದುದು ಗೇರ್ ನೋಡುತ್ತಿದ್ದೆನಾದ್ದರಿಂದ. ಅವರು ಯಾವಾಗ ಹಾಕುತ್ತಾರೆ, ನಾನಾಗಿದ್ದರೆ ಯಾವಾಗ ಹಾಕುತ್ತಿದ್ದೆ ಎಂದು. ಒಮ್ಮೆ ಕೇಳಿದ್ದೆ. "ಬೇಡ ಕಣೇ, ಕ್ಲಚ್ ಗಟ್ಟಿ ಇದೆ, ಮಂಡಿ ಹಿಡ್ಕೊಳುತ್ತೆ" ಎಂದರು. ಸರಿ ಎಂದು ಬಿಟ್ಟೆ. ಮತ್ತೆ ಕೇಳುವುದು ನನಗೆ ಹೊಳೆಯಲೇ ಇಲ್ಲ.

ಇಲ್ಲಿಗೆ ಬಂದ ಮೇಲೆ ಕಾಲೊನಿಯ ಹೆಂಗಸರ ಜೊತೆ ಡ್ರೈವಿಂಗ್ ಕಲಿತೆ, ಲೈಸೆನ್ಸೂ ಆಯಿತು. ತರಕಾರಿ ತರಲು ಉಪಯೋಗಕ್ಕೆ ಬರುತ್ತದೆ ಎಂದುಕೊಂಡಿದ್ದೆ. ನಿಮ್ಮ ಪತ್ರ ಓದುವವರೆಗೂ ಅದು ಯಾಕೆ ಕಲಿತೆನೆಂದು ನನಗೇ ಗೊತ್ತಿರಲಿಲ್ಲ. ಎಲ್ಲಿಗೂ ಹೋಗಬೇಕಾಗಿಲ್ಲದ ಮಧ್ಯಾಹ್ನ ಎಂದು ಬರೆದಿದ್ದೀರಲ್ಲ, ಆ ಸಾಲನ್ನು ನಾನು ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿಕೊಂಡೆ.

ಆದ್ದರಿಂದ ಕಾರನ್ನು ಕೊಡುವುದಿಲ್ಲ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ನೇರವಾಗಿ ಹೇಳುವುದೇ ಸರಿ. ಅದನ್ನು ನಾನು ಓಡಿಸುತ್ತೇನೆ. ಇವರಿಗೆ ಹೇಳಿದ್ದೇನೆ. ಮೊದಲು ನಕ್ಕರು. ಆಮೇಲೆ ಸೀಟು ಎಲ್ಲಿ ನಿಲ್ಲಿಸಬೇಕು ಎಂದು ಹೇಳಿಕೊಡಲು ಬಂದರು. ನನ್ನ ಕಾಲು ನನಗೆ ಗೊತ್ತು ಎಂದೆ. ಈಗ ಮಾತು ಕಡಿಮೆಯಾಗಿದೆ.

ಫೆಬ್ರವರಿಯಲ್ಲಿ ಭದ್ರಾವತಿಗೆ ಬರುತ್ತೇನೆ. ನೀವು ಬರೆಯದಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಮೊದಲ ಸಲ ತೆಗೆಯುವ ದಿನ ನೀವೂ ಬನ್ನಿ, ತರೀಕೆರೆ ರಸ್ತೆಯಲ್ಲಿ ಹೋಗೋಣ. ಎಡಗಡೆ ಸೀಟು ನಿಮಗೇ.

ವೀಣಾ


ಶಿವಮೊಗ್ಗ
13 ಜನವರಿ 2025

ವೀಣಾ ಅವರಿಗೆ,

ನಿಮ್ಮ ಪತ್ರ ಬಂದ ದಿನ ಮಧ್ಯಾಹ್ನದ ತರಗತಿಗೆ ಹೋಗಲಿಲ್ಲ. ಅಭಿನಂದನೆ ಬರೆಯಬೇಕೆಂದು ಕೂತು ಬರೆದು ಹರಿದೆ. ಕೋಪ ಬಂದಿದೆ, ಬಂದಿಲ್ಲವೆಂದು ಬರೆಯುವುದಿಲ್ಲ. ನಿಮ್ಮ ಗಂಡ ಕೊಡುವುದಿಲ್ಲ ಎಂದಾಗ ಜಗಳಕ್ಕೆ ಜಾಗವಿತ್ತು. ನೀವು ಕೊಡುವುದಿಲ್ಲ ಎನ್ನುತ್ತಿರುವುದು ನನ್ನ ಮಾತನ್ನೇ ಹಿಡಿದುಕೊಂಡು. ಅದಕ್ಕೆ ಎದುರು ಹೇಳಲು ನನ್ನ ಬಳಿ ಬೇರೆ ಮಾತಿಲ್ಲ. ಮಾರುವಂತೆ ಒಪ್ಪಿಸಲು ಬರೆದ ಪತ್ರ ಮಾರದಂತೆ ಒಪ್ಪಿಸಿತು. ನನ್ನ ಇಷ್ಟು ವರ್ಷದ ಪಾಠದಲ್ಲಿ ಇಂಥದ್ದಕ್ಕೆ ಸೂತ್ರ ಕಲಿಸಿಲ್ಲ.

ನೀವು ಪತ್ರ ಒಡೆದದ್ದಕ್ಕೆ ಬೇಸರಪಡಬೇಡಿ. ಆ ವಿಳಾಸಕ್ಕೆ ಕಳಿಸಿದವಳು ನಾನು.

ಟ್ಯಾಂಕನ್ನು ನಾಗೇಶ ಇಳಿಸಿ ತೊಳೆದು ಇಟ್ಟಿದ್ದಾನೆ, ಅದರ ಕೂಲಿ ಕೊಟ್ಟಾಗಿದೆ. ಬ್ಯಾಟರಿ ನೀವು ಹಾಕಿಸಬೇಕು. "ಸಾರು ಒಪ್ಪಿದಾರಾ" ಎಂದು ಅವನು ನಿಮ್ಮನ್ನೂ ಕೇಳುತ್ತಾನೆ. ತಾಳ್ಮೆಯಿಂದಿರಿ, ಕೆಲಸ ಚೆನ್ನಾಗಿ ಮಾಡುತ್ತಾನೆ. ಕ್ಲಚ್ ನಿಜಕ್ಕೂ ಗಟ್ಟಿ, ಆದರೆ ನಮ್ಮ ಮಂಡಿಗೆ ಆಗದಷ್ಟಲ್ಲ.

ಎಡಗಡೆ ಸೀಟಿಗೆ ಕರೆದಿದ್ದೀರಿ. ಬರುವುದಿಲ್ಲ. ಬಿಂಕವೆಂದು ತಿಳಿಯಬೇಡಿ. ನೀವು ಮೊದಲ ಸಲ ಹೊರಡುವಾಗ ಅಲ್ಲಿ ಯಾರೂ ಇರಬಾರದು. ನಾನಾಗಿದ್ದರೆ ನಿಮ್ಮನ್ನು ಕರೆಯುತ್ತಿರಲಿಲ್ಲ. ಅಲ್ಲದೆ ಫೆಬ್ರವರಿಯಲ್ಲಿ ನಮ್ಮ ಅತ್ತೆಯ ತಂಗಿಯ ಮಗನ ನಿಶ್ಚಿತಾರ್ಥ, ಎಂಟು ಜನ.

ಬೆಳಗಾವಿಯಲ್ಲಿ ಒಬ್ಬರ ಹತ್ತಿರ ಇಂಥದೇ ಕಾರು ಇದೆಯಂತೆ, ಬಣ್ಣ ಬಿಳಿ. ನಿನ್ನೆ ಅವರಿಗೆ ಬರೆದೆ. ಬೆಲೆ ಎಷ್ಟು, ಎಲ್ಲಿ ನೋಡಬಹುದು ಎಂದಷ್ಟೇ ಕೇಳಿದ್ದೇನೆ. ಯಾಕೆ ಬೇಕೆಂದು ಅವರು ಕೇಳಿದರೆ, ನನ್ನ ಗಂಡನಿಗೆ ಎಂದು ಹೇಳುತ್ತೇನೆ.

ಶಾಮಲಾ